ಟ್ಯಾಂಕಿಗೆ ಹಾಕಿದ ನಾರು

ಕೆಂಚಯ್ಯನಪಾಳ್ಯದಲ್ಲಿ ಆ ಕಾಲಕ್ಕೆ ಇದ್ದದ್ದು ಒಂದೇ ಕಾರು. ಅದು ನಂಜುಂಡಪ್ಪನವರದು. ಊರಿನ ಮೂಡಲಿಗಿದ್ದ ತೆಂಗಿನ ತೋಟವೆಲ್ಲ ಅವರದೇ. ಅವರ ಅಟ್ಟದ ಮೇಲೆ ವರ್ಷವಿಡೀ ಕಾಯಿ ಒಣಗುತ್ತಿತ್ತು. ಮೊದಲೆಲ್ಲ ಎತ್ತಿನ ಗಾಡಿಯಲ್ಲೇ ನೊಣವಿನಕೆರೆಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು ತಿಪಟೂರಿನ ಕೊಬ್ಬರಿ ಮಂಡಿಗೆ ಹೋಗುತ್ತಿದ್ದವರು ಎಪ್ಪತ್ತನಾಲ್ಕರಲ್ಲಿ ಯಾರೋ ಕಂಟ್ರಾಕ್ಟರು ಮಾರಿದ ಕಪ್ಪು ಅಂಬಾಸಿಡರ್ ಕೊಂಡರು. ಕೊಂಡ ಮೇಲೆ ಅವರ ನಡಿಗೆಯೇ ಬದಲಾಯಿತು ಎಂದು ಊರವರು ಹೇಳುತ್ತಿದ್ದರು. ಕಾರಿಗೆಂದು ಕೊಟ್ಟಿಗೆಯ ಪಕ್ಕದಲ್ಲಿ ಹೆಂಚಿನ ಶೆಡ್ಡು ಕಟ್ಟಿಸಿದರು. ಓಡಿಸುವುದಕ್ಕೆ ದುರ್ಗಯ್ಯ ಎಂಬ ಡ್ರೈವರನ್ನು ಇಟ್ಟುಕೊಂಡರು.

ಆ ಕೊಟ್ಟಿಗೆ, ಆ ಶೆಡ್ಡು, ಆ ಅಂಗಳ ಇವಿಷ್ಟನ್ನೂ ಗುಡಿಸುತ್ತಿದ್ದವಳು ಪುಟ್ಟಗಂಗಮ್ಮ. ಗಂಡ ತೆಂಗಿನ ಮರದಿಂದ ಬಿದ್ದು ಸತ್ತಾಗ ಅವಳಿಗೆ ಇಪ್ಪತ್ತಾರು ವರ್ಷ, ಮಗಳು ರಾಮಲಕ್ಷ್ಮಿಗೆ ಆರು. ಬೆಳಿಗ್ಗೆ ನಂಜುಂಡಪ್ಪನವರ ಮನೆಗೆಲಸ, ಮಧ್ಯಾಹ್ನದ ಮೇಲೆ ಸಿಪ್ಪೆ ಬಡಿದು ನಾರು ತೆಗೆದು ಹಗ್ಗ ಹೊಸೆಯುವುದು, ಹೀಗೇ ಅವಳು ಮಗಳನ್ನು ಬೆಳೆಸಿದ್ದು. ಎತ್ತರದ ಹೆಂಗಸು. ಮಾತು ಕಮ್ಮಿ. ಯಾರಾದರೂ ಒಂದು ಅಂದರೆ ತಿರುಗಿ ಅನ್ನುವವಳಲ್ಲ. ಇದನ್ನು ಎಲ್ಲರೂ ಸಾಧು ಗುಣ ಎಂದುಕೊಂಡಿದ್ದರು. ಸಾಧು ಗುಣವೇನಲ್ಲ, ಅಂದದ್ದನ್ನು ಅವಳು ಮರೆಯುತ್ತಿರಲಿಲ್ಲ, ಅಷ್ಟೇ.

ರಾಮಲಕ್ಷ್ಮಿಯನ್ನು ಚಿಕ್ಕನಾಯಕನಹಳ್ಳಿ ಕಡೆಗೆ ಕೊಟ್ಟಿತ್ತು. ಚೊಚ್ಚಲ ಬಸುರಿಯಾಗಿ ತೌರಿಗೆ ಬಂದಳು. ಎಪ್ಪತ್ತಾರರ ಕಾರ್ತಿಕ ಮಾಸದ ಒಂದು ಬೆಳಿಗ್ಗೆ ನೋವು ಕಾಣಿಸಿತು. ಸೂಲಗಿತ್ತಿ ಬಂದು ಕೂತಳು. ಹೊತ್ತು ಏರಿ ಅಂಗಳದ ಬಿಸಿಲು ಹೊಸ್ತಿಲಿಗೆ ಬಂದರೂ ಹೆರಿಗೆಯಾಗಲಿಲ್ಲ. ಸೂಲಗಿತ್ತಿ ಕೈ ತೊಳೆದುಕೊಂಡು ಹೊರಗೆ ಬಂದು, "ಮಗು ಅಡ್ಡ ಐತೆ ಕಣೇ ಪುಟ್ಟಗಂಗಿ. ನನ್ ಕೈಲಾಗಲ್ಲ. ತಿಪಟೂರಿಗೆ ಕರ್ಕೊಂಡು ಹೋಗು. ತಡ ಮಾಡ್ಬ್ಯಾಡ," ಅಂದಳು.

ಪುಟ್ಟಗಂಗಮ್ಮ ಸೆರಗು ಕಟ್ಟಿಕೊಂಡು ಓಡಿದಳು. ನಂಜುಂಡಪ್ಪನವರು ಜಗುಲಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು. ಬಿಳೀ ಪಂಚೆ, ಇಸ್ತ್ರಿ ಮಾಡಿದ ಅಂಗಿ. ಎಲ್ಲಿಗೋ ಹೊರಟ ಹಾಗಿತ್ತು.

"ಯಜಮಾನ್ರೇ, ನನ್ ಮಗಳಿಗೆ ಬಾಳ ಕಷ್ಟ ಆಗೈತೆ. ಕಾರು ಕಳ್ಸಿಕೊಡಿ. ನಿಮ್ ಕಾಲಿಗೆ ಬೀಳ್ತೀನಿ."

ನಂಜುಂಡಪ್ಪನವರು ಲೋಟ ಕೆಳಗಿಟ್ಟರು. ಶೆಡ್ಡಿನ ಕಡೆ ನೋಡಿದರು. ಮೂರು ದಿನದ ಹಿಂದೆ ತಿಪಟೂರಿನಲ್ಲಿ ಕಾರಿನ ಸೀಟಿಗೆಲ್ಲ ಹೊಸ ಕವರು ಹೊಲಿಸಿ ತಂದಿದ್ದರು. ಕೆಂಪು ರೆಕ್ಸಿನ್ನು. ಊರಿನವರೆಲ್ಲ ಬಂದು ಮುಟ್ಟಿ ನೋಡಿ ಹೋಗಿದ್ದರು.

"ಗಾಡಿ ಕೆಟ್ಟು ನಿಂತದೆ ಕಣಮ್ಮ," ಅಂದರು. "ನೆನ್ನೆಯಿಂದ ಸ್ಟಾರ್ಟೇ ಆಗ್ತಿಲ್ಲ. ಸಣ್ಣತಿಮ್ಮಯ್ಯನ ಎತ್ತಿನ ಗಾಡಿ ಕಟ್ಟಿಸ್ಕೊಂಡು ಬೇಗ ಹೊರಡು. ನಿಂತ್ಕೋಬ್ಯಾಡ."

ದುರ್ಗಯ್ಯ ಶೆಡ್ಡಿನ ಬಾಗಿಲಲ್ಲಿ ಬಟ್ಟೆ ಹಿಡಿದು ನಿಂತಿದ್ದ. ಪುಟ್ಟಗಂಗಮ್ಮ ಅವನ ಕಡೆ ನೋಡಿದಳು. ಅವನು ನೆಲ ನೋಡಿದ.

ಸಣ್ಣತಿಮ್ಮಯ್ಯನ ಎತ್ತುಗಳು ಒಳ್ಳೆಯವು, ಆದರೆ ರಸ್ತೆ ಕೆಟ್ಟದ್ದು. ನೊಣವಿನಕೆರೆಗೆ ಮೂರು ಮೈಲಿ ಬರೀ ಕೊರಕಲು. ಗಾಡಿ ಕುಲುಕಿದಾಗಲೆಲ್ಲ ರಾಮಲಕ್ಷ್ಮಿ ತಾಯಿಯ ಮುಂಗೈ ಕಚ್ಚುತ್ತಿದ್ದಳು. ಅರ್ಧ ದಾರಿ ಸವೆದಿರಬೇಕು, ಹಿಂದಿನಿಂದ ಹಾರ್ನು ಕೇಳಿಸಿತು. ಸಣ್ಣತಿಮ್ಮಯ್ಯ ಗಾಡಿಯನ್ನು ಪಕ್ಕಕ್ಕೆ ಇಳಿಸಿದ. ಕಪ್ಪು ಕಾರು ಪಕ್ಕದಲ್ಲೇ ಹಾದು ಹೋಯಿತು. ದುರ್ಗಯ್ಯ ಓಡಿಸುತ್ತಿದ್ದ. ಹಿಂದಿನ ಸೀಟಿನಲ್ಲಿ ನಂಜುಂಡಪ್ಪನವರು, ಅವರ ಪಕ್ಕದಲ್ಲಿ ಹೆಂಡತಿ ಲಕ್ಷ್ಮಿದೇವಮ್ಮ. ಲಕ್ಷ್ಮಿದೇವಮ್ಮ ಗಾಡಿಯ ಕಡೆ ಒಮ್ಮೆ ನೋಡಿ ಮುಖ ತಿರುಗಿಸಿಕೊಂಡರು. ಕಾರೆಬ್ಬಿಸಿದ ಧೂಳೆಲ್ಲ ಬಂದು ರಾಮಲಕ್ಷ್ಮಿಯ ಬೆವೆತ ಮುಖದ ಮೇಲೆ ಕೂತಿತು.

ಸಣ್ಣತಿಮ್ಮಯ್ಯ ಉಗಿದು, "ಕೆಟ್ಟೋಗಿದ್ ಕಾರು ಹೆಂಗ್ ಓಡ್ತದೆ ನೋಡವ್ವ," ಅಂದ.

ಪುಟ್ಟಗಂಗಮ್ಮ ಸೆರಗಿನಲ್ಲಿ ಮಗಳ ಮುಖ ಒರೆಸಿದಳು.

ಬಸ್ಸು ಸಿಕ್ಕಿ ತಿಪಟೂರಿನ ಆಸ್ಪತ್ರೆ ಮುಟ್ಟಿದಾಗ ಮಧ್ಯಾಹ್ನ ಎರಡು ದಾಟಿತ್ತು. ಮಗು ಹೊಟ್ಟೆಯಲ್ಲೇ ಹೋಗಿತ್ತು. ಗಂಡು ಮಗು. ತಾಯಿಯನ್ನು ಉಳಿಸಲು ಗರ್ಭಕೋಶ ತೆಗೆಯಬೇಕಾಯಿತು. ಡಾಕ್ಟರಮ್ಮ ಹೊರಗೆ ಬಂದು, "ಎರಡು ಗಂಟೆ ಮುಂಚೆ ಬರೋಕಾಗ್ಲಿಲ್ವೇನಮ್ಮ?" ಅಂದಳು. ಬೈದು ಕೇಳಿದ್ದಲ್ಲ, ದುಃಖದಿಂದಲೇ ಕೇಳಿದ್ದು. ಆದರೆ ಪುಟ್ಟಗಂಗಮ್ಮ ಆ ಎರಡು ಗಂಟೆಯನ್ನು ಎದೆಯೊಳಗೆ ಇಟ್ಟುಕೊಂಡು ಬಂದಳು. ರಾಮಲಕ್ಷ್ಮಿಯ ಗಂಡ ಒಂದು ಸಲ ಬಂದು ನೋಡಿ ಹೋದ. ಎರಡನೇ ಸಲ ಬರಲಿಲ್ಲ. ಮುಂದಿನ ವೈಶಾಖದಲ್ಲಿ ಅವನಿಗೆ ಇನ್ನೊಂದು ಮದುವೆಯಾಯಿತೆಂದು ಸುದ್ದಿ ಬಂತು.

ತಿಂಗಳು ಕಳೆದ ಮೇಲೆ ಪುಟ್ಟಗಂಗಮ್ಮ ಪೊರಕೆ ಹಿಡಿದು ಮತ್ತೆ ನಂಜುಂಡಪ್ಪನವರ ಅಂಗಳಕ್ಕೆ ಬಂದಾಗ ಊರಿಗೇ ಆಶ್ಚರ್ಯ. ಮಾನವಿಲ್ಲದವಳು ಅಂದವರೂ ಇದ್ದರು. ನಂಜುಂಡಪ್ಪನವರಿಗೆ ಮಾತ್ರ ಹಗುರಾಯಿತು. "ಏನ್ ಮಾಡೋಕಾಗ್ತದೆ, ಹಣೇಲಿ ಬರೆದಂಗೆ ಆಯ್ತದೆ ಕಣಮ್ಮ," ಎಂದು ಸಮಾಧಾನ ಹೇಳಿದರು. ಅವಳು ತಲೆ ಬಗ್ಗಿಸಿ ಗುಡಿಸಿದಳು. ಕಾರಿನ ವಿಷಯ ಅವರೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಅವಳು ತಮ್ಮನ್ನು ಆ ದಾರಿಯಲ್ಲಿ ನೋಡಿದ್ದು ಅವರಿಗೆ ಗೊತ್ತಿತ್ತೋ ಇಲ್ಲವೋ. ಗೊತ್ತಿದ್ದರೂ ಮರೆತಿದ್ದರು. ಅವಳಿಗೆ ಎಲ್ಲಕ್ಕಿಂತ ಉರಿದದ್ದು ಆ ಮರೆವೇ.

ಒಂದು ದಿನ ದುರ್ಗಯ್ಯ ಡಬ್ಬದಿಂದ ಟ್ಯಾಂಕಿಗೆ ಪೆಟ್ರೋಲು ಹುಯ್ಯುತ್ತಿದ್ದ. ಆಲಿಕೆಯ ಬಾಯಿಗೆ ತೆಳುವಾದ ಬಟ್ಟೆ ಕಟ್ಟಿದ್ದ.

"ಬಟ್ಟೆ ಯಾಕ್ಲಾ ದುರ್ಗಣ್ಣ?" ಎಂದು ಅವಳು ಕೇಳಿದಳು. ಆಗಿನ್ನೂ ಮನಸ್ಸಿನಲ್ಲಿ ಏನೂ ಇರಲಿಲ್ಲ.

"ಒಂದೆಳೆ ಕಸ ಬಿದ್ರೂ ದಾರಿ ಮಧ್ಯ ನಿಂತ್ಬುಡ್ತದೆ ಕಣಕ್ಕ. ಇಂಜಿನ್ನು ಪೆಟ್ರೋಲ್ ಎಳೆಯೋವಾಗ ಕಸಾನೂ ಎಳ್ಕೊಂಡು ಪೈಪಿನ ಬಾಯಿಗೆ ಮೆತ್ಕೊಳ್ತದೆ. ಆಮ್ಯಾಕೆ ಇಂಜಿನ್ ನಿಂತ್ರೆ ಕಸಾನೂ ಬಿಟ್ಕೊಂಡು ಕೆಳೀಕೆ ಹೋಯ್ತದೆ. ಯಾವ ಮೇಸ್ತ್ರಿಗೂ ಗೊತ್ತಾಗಾಕಿಲ್ಲ. ಅಂಥಾ ಕಾಯಿಲೆ ಅದು."

ಅವನು ಹೇಳಿ ಮರೆತ. ಅವಳು ಮರೆಯಲಿಲ್ಲ.

ಮೂರು ದಿನ ಬಿಟ್ಟು, ಶೆಡ್ಡು ಗುಡಿಸುವ ಹೊತ್ತಿನಲ್ಲಿ, ಸೊಂಟದಲ್ಲಿ ಸಿಕ್ಕಿಸಿಕೊಂಡು ಬಂದಿದ್ದ ಒಂದು ಹಿಡಿ ನಾರನ್ನು ಬೆರಳಲ್ಲಿ ಉಂಡೆ ಮಾಡಿ ಟ್ಯಾಂಕಿನ ಮುಚ್ಚಳ ತಿರುಗಿಸಿ ಒಳಗೆ ಬಿಟ್ಟಳು. ಪೊರಕೆ ಕಡ್ಡಿಯಲ್ಲಿ ಒತ್ತಿ ಕೆಳಗೆ ತಳ್ಳಿದಳು. ಮುಚ್ಚಳ ಹಾಕಿ, ಶೆಡ್ಡಿನ ಮೂಲೆಯನ್ನು ಇನ್ನೊಂದು ಸಲ ಚೆನ್ನಾಗಿ ಗುಡಿಸಿ ಮನೆಗೆ ಹೋದಳು.

ಆ ವಾರ ಕಾರು ಕಿಬ್ಬನಹಳ್ಳಿ ಕ್ರಾಸಿನಲ್ಲಿ ನಿಂತಿತು. ಹತ್ತು ನಿಮಿಷ ನಿಂತು, ತಾನಾಗಿಯೇ ಮತ್ತೆ ಹೊರಟಿತು. ಮುಂದಿನ ವಾರ ತಿಪಟೂರಿನ ಮಂಡಿಯ ಮುಂದೆ ನಿಂತಿತು. ಆಮೇಲೆ ತಿಂಗಳಿಗೆ ಮೂರು ಸಲ, ನಾಲ್ಕು ಸಲ. ಕಾರು ತಿಪಟೂರಿನ ಹುಚ್ಚರಂಗಯ್ಯನ ಶೆಡ್ಡಿಗೆ ಹೋಯಿತು. ಹುಚ್ಚರಂಗಯ್ಯ ಒಳ್ಳೆಯ ಮೇಸ್ತ್ರಿ. ಇಂಜಿನ್ನಿನ ಸದ್ದು ಕೇಳಿಯೇ ಅರ್ಧ ಕಾಯಿಲೆ ಹೇಳುವವನು. ಪ್ಲಗ್ ತೆಗೆದು ಉಜ್ಜಿದ, ಪಾಯಿಂಟು ಬದಲಾಯಿಸಿದ. ಕಾರು ಚೆನ್ನಾಗಿ ಓಡಿತು, ಒಂದು ವಾರ. ಮತ್ತೆ ನಿಂತಿತು. ಕಾರ್ಬೊರೇಟರ್ ಬಿಚ್ಚಿ ತೊಳೆದ. ಮತ್ತೆ ನಿಂತಿತು. ಪೆಟ್ರೋಲ್ ಎಳೆಯುವ ಪಂಪನ್ನೇ ಹೊಸದು ಹಾಕಿದ. ಆಗಲೂ ನಿಂತಿತು. ಟ್ಯಾಂಕಿನ ಅಡಿಯ ಬೋಲ್ಟು ಬಿಚ್ಚಿ ಪೆಟ್ರೋಲು ಇಳಿಸಿಯೂ ನೋಡಿದ. ಪೆಟ್ರೋಲು ತಿಳಿಯಾಗಿ ಇಳಿಯಿತು, ಒಂದು ಕಸವೂ ಬರಲಿಲ್ಲ. ನೆನೆದ ನಾರು ಒಳಗೇ ಮೂಲೆ ಹಿಡಿದು ಕೂತಿತ್ತು. ತನ್ನ ಮುಂದೆ ಒಂದು ಸಲವೂ ಕೆಡದ ಕಾರು ಊರ ಹೊರಗೆ ಹೋದರೆ ಯಾಕೆ ಕೆಡುತ್ತದೆ ಎಂದು ಅವನಿಗೆ ತಲೆ ಕೆಟ್ಟಿತು.

ಇತ್ತ ಪುಟ್ಟಗಂಗಮ್ಮನಿಗೆ ಕಾರು ಹೊರಟ ದಿನವೆಲ್ಲ ಮೈಯೆಲ್ಲ ಕಿವಿಯಾಗಿರುತ್ತಿತ್ತು. ಸಿಪ್ಪೆ ಬಡಿಯುವುದನ್ನು ನಿಲ್ಲಿಸಿ ದಾರಿಯ ಕಡೆ ಕಿವಿಗೊಡುತ್ತಿದ್ದಳು. ಹೊತ್ತಿಗೆ ಸರಿಯಾಗಿ ಬಂದರೆ ಅವಳಿಗೆ ಊಟ ರುಚಿಸುತ್ತಿರಲಿಲ್ಲ. ತಡವಾಗಿ ಬಂದ ದಿನ ಮುದ್ದೆ ಇನ್ನೊಂದು ತುತ್ತು ಹೆಚ್ಚಿಗೆ ಇಳಿಯುತ್ತಿತ್ತು.

ಮಗಳಿಗೆ ಏನೂ ಗೊತ್ತಿಲ್ಲವೆಂದೇ ಅವಳು ತಿಳಿದಿದ್ದಳು. ರಾಮಲಕ್ಷ್ಮಿ ಆಸ್ಪತ್ರೆಯಿಂದ ಬಂದ ಮೇಲೆ ಮಾತು ಬಿಟ್ಟಿದ್ದಳು. ಗೋಡೆಗೆ ಒರಗಿ ದಿನವೆಲ್ಲ ನಾರು ಬಿಡಿಸುವುದು, ಹೊಸೆಯುವುದು. ಒಂದು ಬೆಳಿಗ್ಗೆ ತಾಯಿ ಕೆಲಸಕ್ಕೆ ಹೊರಟಾಗ ಅವಳೇ ಕರೆದಳು.

"ಅವ್ವ, ಆ ನಾರು ಗಟ್ಟಿ ಐತೆ. ಇದನ್ನ ತಗೊಂಡೋಗು. ಮೆತ್ತಗೆ ಬಡ್ದಿವ್ನಿ. ನೀರಾಗೆ ನೆಂದ್ರೆ ಹೂವಿನಂಗೆ ಅರಳ್ತದೆ."

ಪುಟ್ಟಗಂಗಮ್ಮ ಹೊಸ್ತಿಲಲ್ಲೇ ನಿಂತಳು. ಮಗಳ ಅಂಗೈಯಲ್ಲಿ ಹೊನ್ನಿನ ಬಣ್ಣದ ಒಂದು ಸಣ್ಣ ಸುರುಳಿ ಇತ್ತು, ಎರಡೆಳೆ ಸೇರಿಸಿ ಸಡಿಲವಾಗಿ ಹೊಸೆದದ್ದು.

"ಯಾವಾಗಿಂದ ಗೊತ್ತೇ ನಿಂಗೆ?"

"ಮೊದಲ್ನೇ ದಿನದಿಂದ. ನಿನ್ ಕೈಗೆ ಪೆಟ್ರೋಲ್ ವಾಸನೆ ಹೊಡೀತಿತ್ತು." ರಾಮಲಕ್ಷ್ಮಿ ಮತ್ತೆ ಗೋಡೆಗೆ ಒರಗಿದಳು. "ಒಂದು ಸಲ ಅವ್ರು ನಡ್ಕೊಂಡು ಬರೋದನ್ನ ನಾನೂ ನೋಡ್ಬೇಕು ಕಣವ್ವ. ಕಾಲು ಸುಟ್ಕೊಂಡು."

ಅವಳು ಕೇಳಿದ್ದಕ್ಕಿಂತ ಹೆಚ್ಚೇ ಸಿಕ್ಕಿತು. ಎಪ್ಪತ್ತೇಳರ ಬೇಸಿಗೆಯಲ್ಲಿ ತುರುವೇಕೆರೆಯಲ್ಲಿ ತೆಂಗು ಬೆಳೆಗಾರರ ಸೊಸೈಟಿಗೆ ಅಧ್ಯಕ್ಷರನ್ನು ಆರಿಸುವ ಸಭೆ ಇತ್ತು. ನಂಜುಂಡಪ್ಪನವರೇ ಆಗುವುದು ಎಂದು ಎಲ್ಲ ಮಾತಾಗಿತ್ತು. ಹಾರ ತರಿಸಿದ್ದರಂತೆ. ಆ ಬೆಳಿಗ್ಗೆ ಪುಟ್ಟಗಂಗಮ್ಮ ಎರಡು ಸುರುಳಿ ಹಾಕಿದಳು. ಕಾರು ನಡು ದಾರಿಯಲ್ಲಿ ನಿಂತಿತು, ಹೊರಟಿತು, ಮತ್ತೆ ಅರ್ಧ ಮೈಲಿಗೆ ನಿಂತಿತು. ನಂಜುಂಡಪ್ಪನವರು ತುರುವೇಕೆರೆ ಮುಟ್ಟುವ ಹೊತ್ತಿಗೆ ಸಭೆ ಮುಗಿದು ಇನ್ನೊಬ್ಬರು ಹಾರ ಹಾಕಿಸಿಕೊಂಡು ಬೋಂಡ ತಿನ್ನುತ್ತಿದ್ದರು. ವಾಪಸು ಬರುವಾಗ ಊರಿಗೆ ಒಂದು ಮೈಲಿ ಇರುವಂತೆ ಕಾರು ಪೂರ್ತಿ ಸತ್ತಿತು. ಸಣ್ಣತಿಮ್ಮಯ್ಯನ ಎತ್ತುಗಳನ್ನೇ ಕರೆಸಬೇಕಾಯಿತು. ಮುಂದೆ ಜೋಡೆತ್ತು, ಹಗ್ಗ ಕಟ್ಟಿದ ಕಾರು, ಸ್ಟಿಯರಿಂಗ್ ಹಿಡಿದ ದುರ್ಗಯ್ಯ, ಒಳಗೆ ಕೂರಲಾರದೆ ಪಕ್ಕದಲ್ಲಿ ಬೆವರುತ್ತಾ ನಡೆಯುವ ನಂಜುಂಡಪ್ಪನವರು. ಸಣ್ಣತಿಮ್ಮಯ್ಯ ಬೇಕೆಂದೇ ಎತ್ತುಗಳನ್ನು ಊರೊಳಗಿನ ಉದ್ದದ ದಾರಿಯಲ್ಲಿ ಹೊಡೆದ. ರಾಮಲಕ್ಷ್ಮಿ ಬಾಗಿಲಿಗೆ ಬಂದು ನಿಂತು ಕೊನೆಯವರೆಗೂ ನೋಡಿದಳು. ಅಂದು ಸಂಜೆ ಅವಳು ತಾನೇ ತಲೆ ಬಾಚಿಕೊಂಡಳು.

ಆದರೆ ಅದೇ ಸಂಜೆ ನಂಜುಂಡಪ್ಪನವರು ಅಂಗಳದಲ್ಲಿ ದುರ್ಗಯ್ಯನ ಕತ್ತಿನ ಪಟ್ಟಿ ಹಿಡಿದರು.

"ನನ್ ಮಗನೇ, ಪೆಟ್ರೋಲ್ ಮಾರ್ಕೊಂಡು ಸೀಮೆಎಣ್ಣೆ ಬೆರೆಸ್ತಿದ್ದೀಯ ನೀನು! ಯಾರು ಹೇಳ್ಕೊಟ್ರೋ ಇದನ್ನ? ಆ ಅಧ್ಯಕ್ಷನ ಕಡೆಯೋರಾ?"

"ನಮ್ಮವ್ವನಾಣೆ ಇಲ್ಲ ಯಜಮಾನ್ರೇ. ಬಟ್ಟೇಲಿ ಸೋಸಿ ಹುಯ್ತೀನಿ ನಾನು. ಅಕ್ಕನ್ನ ಕೇಳಿ, ನೋಡವ್ಳೆ."

ಎಲ್ಲರೂ ಪುಟ್ಟಗಂಗಮ್ಮನ ಕಡೆ ತಿರುಗಿದರು. ಅವಳು ನೆಲ ನೋಡಿದಳು.

ನಂಜುಂಡಪ್ಪನವರು ಕಾಲಿನ ಚಪ್ಪಲಿ ತೆಗೆದು ದುರ್ಗಯ್ಯನಿಗೆ ಎರಡು ಬಿಟ್ಟರು. ಕೆಲಸದಿಂದ ತೆಗೆದರು. ಅಷ್ಟಕ್ಕೇ ಬಿಡದೆ ಪೆಟ್ರೋಲ್ ಕಳ್ಳ ಎಂದು ತಿಪಟೂರಿನವರೆಗೆ ಹೇಳಿಕೊಂಡು ಬಂದರು. ಯಾರೂ ದುರ್ಗಯ್ಯನ ಕೈಗೆ ವಾಹನ ಕೊಡಲಿಲ್ಲ. ಅವನು ಕ್ವಾರಿಯಲ್ಲಿ ಕಲ್ಲು ಹೊರುತ್ತಿದ್ದಾನೆಂದು ಕೇಳಿಬಂತು.

ಆ ರಾತ್ರಿ ಪುಟ್ಟಗಂಗಮ್ಮ ಉಣ್ಣಲಿಲ್ಲ. ಮಾರನೇ ದಿನ ಮಗಳಿಗೆ, "ಸಾಕು ಕಣೇ. ಇನ್ ನಿಲ್ಸ್‌ಬುಡಾನ," ಅಂದಳು.

ರಾಮಲಕ್ಷ್ಮಿ ಹೊಸೆಯುವುದನ್ನು ನಿಲ್ಲಿಸದೆ ಹೇಳಿದಳು: "ಈಗ ನಿಲ್ಸುದ್ರೆ ಕಾರು ಸರಿಯಾಯ್ತದೆ. ದುರ್ಗಣ್ಣನೇ ಕಳ್ಳ ಅಂತ ಎಲ್ಲಾ ನಂಬ್ತಾರೆ. ಅವ್ನು ಹೋದ್ಮ್ಯಾಲೂ ಕೆಡ್ಬೇಕು ಅದು."

ಮಾತು ಸರಿಯಾಗಿತ್ತು. ಸರಿಯಾಗಿದ್ದದ್ದಕ್ಕೆ ಪುಟ್ಟಗಂಗಮ್ಮನಿಗೆ ಒಳಗೊಳಗೇ ಸಂತೋಷವೂ ಆಯಿತು. ದುರ್ಗಯ್ಯನಿಗಾಗಿ ಅಂತ ಅವಳು ಹೇಳಿಕೊಂಡರೂ ನಾರು ಹಾಕುವಾಗ ಕಣ್ಣ ಮುಂದೆ ಬರುತ್ತಿದ್ದದ್ದು ಕ್ವಾರಿಯ ಕಲ್ಲಲ್ಲ, ಮೂರು ಮೈಲಿ ಕೊರಕಲು ದಾರಿ. ಇನ್ನೂ ಒಂದು ಮಾತು ಇತ್ತು, ಅದನ್ನು ಅವಳು ಬಾಯಿಬಿಟ್ಟು ಹೇಳಿಕೊಂಡದ್ದು ಎಷ್ಟೋ ತಿಂಗಳ ಮೇಲೆ. ಮಗಳಿಗೆ ನೋವು ಕಾಣಿಸಿದ ಆ ಬೆಳಿಗ್ಗೆ ಕಾರು ಸರಿಯಾಗಿದೆ ಎಂದು ಗೊತ್ತಿದ್ದೂ ಸುಮ್ಮನಿದ್ದವನು ದುರ್ಗಯ್ಯನೇ. ಅವನು ಪೆಟ್ಟು ತಿನ್ನುವಾಗ ಅವಳ ಎದೆಯ ಒಂದು ಮೂಲೆ ಇವನಿಗೂ ಸಲ್ಲಬೇಕಾದದ್ದೇ ಎಂದು ಎಣಿಸಿಕೊಂಡಿತ್ತು.

ನಂಜುಂಡಪ್ಪನವರು ಕಾರನ್ನು ತಾವೇ ಓಡಿಸತೊಡಗಿದರು. ಕಾರು ಮೊದಲಿನ ಹಾಗೇ ನಿಂತಿತು. ಆದರೂ ದುರ್ಗಯ್ಯನ ಹೆಸರಿಗೆ ಮೆತ್ತಿದ್ದನ್ನು ಅವರು ಒರೆಸಲಿಲ್ಲ. ಅವನು ಮೊದಲೇ ಕೆಡಿಸಿಟ್ಟು ಹೋಗಿದ್ದಾನೆ ಎಂದರು. ಆ ಮಾತು ಕೇಳಿದ ದಿನ ಪುಟ್ಟಗಂಗಮ್ಮ ಮೂರು ಸುರುಳಿ ಹಾಕಿದಳು. ಮುಚ್ಚಳ ತಿರುಗಿಸಿ ಹಿಂದೆ ಸರಿದರೆ ಹಿತ್ತಿಲ ಬಾಗಿಲಲ್ಲಿ ಲಕ್ಷ್ಮಿದೇವಮ್ಮ ನಿಂತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಕೈ ತೊಳ್ಕೊಂಡು ಬಾ," ಅಂದರು ಲಕ್ಷ್ಮಿದೇವಮ್ಮ. "ಹಾಲು ಕರೆಯೋ ಹೊತ್ತಾಯ್ತು."

ಅಷ್ಟು ಹೇಳಿ ಒಳಗೆ ಹೋದರು. ಅದಾದ ಮೇಲೆ ಒಂದು ದಿನವೂ ಆ ಮಾತು ಎತ್ತಲಿಲ್ಲ.

ಹುಚ್ಚರಂಗಯ್ಯನಿಗೆ ಮಾತ್ರ ಆ ಕಾರು ನಿದ್ದೆಗೆಡಿಸಿತ್ತು. ಅವನ ಕಸುಬಿಗೆ ಅದೊಂದು ಅವಮಾನ. ಎಪ್ಪತ್ತೆಂಟರ ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಹತಾರಗಳ ಚೀಲ ಹಿಡಿದು ಅವನೇ ಪಾಳ್ಯಕ್ಕೆ ಬಂದ. "ಇವತ್ತು ಇದಾ ನಾನಾ ನೋಡ್ಬುಡಾನ ಯಜಮಾನ್ರೇ. ಗೊತ್ತಾಗೋ ತನಕ ನಾನಿಲ್ಲಿಂದ ಎದ್ದೋಗಾಕಿಲ್ಲ," ಅಂದ.

ಅವನು ಮಾಡಿದ್ದನ್ನು ಊರೇ ನಿಂತು ನೋಡಿತು. ಟ್ಯಾಂಕಿನಿಂದ ಬರುವ ಪೈಪನ್ನು ಇಂಜಿನ್ನಿನ ಹತ್ತಿರ ಬಿಚ್ಚಿದ. ಒಂದು ಡಬ್ಬದಲ್ಲಿ ಪೆಟ್ರೋಲು ತುಂಬಿ ಬಾನೆಟ್ಟಿನ ಮೇಲೆ ಕಟ್ಟಿ, ರಬ್ಬರು ಕೊಳವೆಯಲ್ಲಿ ನೇರವಾಗಿ ಇಂಜಿನ್ನಿಗೇ ಕೊಟ್ಟ. ನೊಣವಿನಕೆರೆಗೆ ಹೋಗಿ ಬಂದ. ಇನ್ನೊಂದು ಸಲ ಹೋಗಿ ಬಂದ. ಕಾರು ಒಂದು ಸಲವೂ ಕೆಮ್ಮಲಿಲ್ಲ.

"ಇಂಜಿನ್ನು ಚಿನ್ನ ಐತೆ," ಅಂದ. "ತಪ್ಪೆಲ್ಲಾ ಹಿಂದೆ ಐತೆ."

ಟ್ಯಾಂಕಿನ ಪೈಪನ್ನು ಮತ್ತೆ ಜೋಡಿಸಿ ಹೊರಟ. ತೋಟದ ಮೂಲೆಗೆ ಹೋಗುವಷ್ಟರಲ್ಲಿ ಕಾರು ನಿಂತಿತು. ತಕ್ಷಣ ಇಳಿದು ಪೈಪು ಬಿಚ್ಚಿ ಅದಕ್ಕೆ ಬಾಯಿ ಇಟ್ಟು ಹಿಂದಕ್ಕೆ ಊದಿದ. ಮೊದಲು ಬಿಗಿಯಾಗಿತ್ತು. ಕೆನ್ನೆ ಉಬ್ಬಿಸಿ ಇನ್ನೊಮ್ಮೆ ಊದಿದಾಗ ಟ್ಯಾಂಕಿನೊಳಗೆ ಗುಳುಗುಳು ಸದ್ದಾಯಿತು. ಜೋಡಿಸಿದರೆ ಕಾರು ಮತ್ತೆ ಹೊರಟಿತು. ಹುಚ್ಚರಂಗಯ್ಯ ನಕ್ಕ. ಒಂದು ವರ್ಷದಲ್ಲಿ ಆ ಕಾರನ್ನು ನೋಡಿ ಅವನು ನಕ್ಕದ್ದು ಅದೇ ಮೊದಲು. ಕಾರನ್ನು ಅಂಗಳಕ್ಕೆ ತಂದು, ಅಡಿಗೆ ನುಗ್ಗಿ ಮಲಗಿ ಟ್ಯಾಂಕನ್ನೇ ಬಿಚ್ಚಿ ಕೆಳಗಿಳಿಸಿದ. ಒಳಗಿನ ಪೆಟ್ರೋಲು ಬಗ್ಗಿಸಿ, ಕಂಬಿಯೊಂದನ್ನು ಕೊಕ್ಕೆಯ ಹಾಗೆ ಬಗ್ಗಿಸಿ ಬಾಯೊಳಗೆ ಇಳಿಸಿ ತಿರುವಿ ಎಳೆದ.

ಬಂದದ್ದು ಒಂದು ನಾರಿನ ಮುದ್ದೆ. ಇನ್ನೊಂದು. ಮತ್ತೊಂದು. ಗೀಜಗದ ಗೂಡಿನಷ್ಟು ನಾರು ಗೋಣಿಯ ಮೇಲೆ ಗುಡ್ಡೆ ಬಿತ್ತು. ಪೆಟ್ರೋಲಿನಲ್ಲಿ ನೆನೆದು ಕಪ್ಪಾಗಿತ್ತು, ಆದರೆ ಕೆಲವು ಸುರುಳಿಗಳು ಇನ್ನೂ ಬಿಚ್ಚಿಕೊಂಡಿರಲಿಲ್ಲ. ಹುಚ್ಚರಂಗಯ್ಯ ಒಂದನ್ನು ಎತ್ತಿ ಬೆಳಕಿಗೆ ಹಿಡಿದ.

"ಇದು ಗಾಳೀಲಿ ಹಾರಿ ಬಂದಿದ್ದಲ್ಲ. ಎರಡೆಳೆ ಸೇರಿಸಿ ಹೊಸ್ದವ್ರೆ."

"ದುರ್ಗನದೇ ಕೆಲಸ!" ಎಂದು ನಂಜುಂಡಪ್ಪನವರು ಕೂಗಿದರು. "ಇವತ್ತೇ ಪೊಲೀಸಿಗೆ ಕೊಡ್ತೀನಿ ಆ ಸೂಳೆಮಗನ್ನ."

ಹುಚ್ಚರಂಗಯ್ಯ ತಲೆಯಾಡಿಸಿದ. "ದುರ್ಗಯ್ಯ ಹೋಗಿ ಎಷ್ಟು ತಿಂಗಳಾಯ್ತು? ಈ ಮೇಲಿನ ಸುರುಳಿ ಹೊಸದು ಯಜಮಾನ್ರೇ. ಬಣ್ಣ ಇನ್ನೂ ಹೋಗಿಲ್ಲ."

ಪುಟ್ಟಗಂಗಮ್ಮ ಕೊಟ್ಟಿಗೆಯ ಬಾಗಿಲಲ್ಲಿ ಸಗಣಿ ಮಂಕರಿ ಹಿಡಿದು ನಿಂತಿದ್ದಳು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲವೇನೋ. ನಾರು ಹೊಸೆಯುವ ಕೈ ಆ ಊರಿನಲ್ಲಿ ಮೂವತ್ತಿತ್ತು. ಆದರೆ ಅವರಿಗೆ ಗೊತ್ತಾಗಲೇಬೇಕು ಎಂದು ಅವಳಿಗಿತ್ತು. ಹೆಸರಿಲ್ಲದೆ ಹೋದರೆ ಇಷ್ಟು ದಿನ ಕಾದದ್ದೇ ದಂಡ ಎನ್ನಿಸಿತು. ಮಂಕರಿ ಇಳಿಸಿ ಅಂಗಳದ ನಡುವಿಗೆ ಬಂದಳು.

"ನಾನು ಹಾಕಿದ್ದು ಯಜಮಾನ್ರೇ."

ಅವರು ಕೇಳಿಸಲಿಲ್ಲವೆಂಬಂತೆ ನೋಡಿದರು.

"ನಾನೇ. ದುರ್ಗಣ್ಣನ ತಪ್ಪು ಏನೂ ಇಲ್ಲ. ನನ್ ಮಗಳು ಸಾಯ್ತಾ ಬಿದ್ದಿದ್ದಾಗ ಕಾರು ಕೆಟ್ಟದೆ ಅಂದ್ರಿ. ಅರ್ಧ ಗಂಟೆ ಆಗಿಲ್ಲ, ಅದೇ ಕಾರಾಗೆ ನಮ್ ಮೊಕದ ಮ್ಯಾಲೆ ಧೂಳು ಹೊಡ್ಕೊಂಡು ಹೋದ್ರಿ. ನೀವು ಅಂದಿದ್ದನ್ನ ನಾನು ನಿಜ ಮಾಡ್ದೆ, ಅಷ್ಟೇಯ. ಒಂದು ವರ್ಷ ಮಾಡ್ದೆ. ಇನ್ನೂ ಮಾಡ್ತಿದ್ದೆ."

ನಂಜುಂಡಪ್ಪನವರ ಮುಖ ಕೆಂಪಾಯಿತು. ಕೈ ಎತ್ತಿಕೊಂಡು ಮುಂದೆ ಬಂದರು. "ಸುಳ್ಳು ಬೊಗಳ್ತೀಯಾ? ಅವತ್ತು ಗಾಡಿ ನಿಜವಾಗ್ಲೂ ಕೆಟ್ಟಿತ್ತು. ಆಮೇಲೆ ಸರಿಹೋಯ್ತು. ದುರ್ಗನ್ನೇ ಕೇಳು!"

"ಕೆಟ್ಟಿರಲಿಲ್ಲ."

ಹೇಳಿದವರು ಲಕ್ಷ್ಮಿದೇವಮ್ಮ. ಅವರು ಜಗುಲಿಯ ಕಂಬ ಹಿಡಿದುಕೊಂಡು ನಿಂತಿದ್ದರು, ದನಿ ದೊಡ್ಡದೇನಲ್ಲ. "ಸೀಟು ಕೊಳೆ ಆಗ್ತದೆ, ರಕ್ತದ ಕಲೆ ಹೋಗಲ್ಲ ಅಂದ್ರಿ ನೀವು. ನಾನು ಪಕ್ಕದಲ್ಲೇ ಕೂತಿದ್ದೆ. ನಾನೂ ಸುಮ್ನಿದ್ದೆ."

ಅಂಗಳದಲ್ಲಿ ಇಪ್ಪತ್ತು ಮೂವತ್ತು ಜನ ಇದ್ದರು. ನಂಜುಂಡಪ್ಪನವರ ಎತ್ತಿದ ಕೈ ಎಲ್ಲಿ ಹೋಗಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಹಾಗೇ ನಿಂತು ಕೆಳಗಿಳಿಯಿತು. ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಪೊಲೀಸಿಗೆ ಹೇಳಲಿಲ್ಲ. ಹೇಳಿದರೆ ಯಾಕೆ ಹಾಕಿದಳು ಎಂಬುದನ್ನೂ ಹೇಳಬೇಕಾಗುತ್ತಿತ್ತು. ಅಧ್ಯಕ್ಷಗಿರಿಗೆ ಮತ್ತೆಂದೂ ನಿಲ್ಲಲಿಲ್ಲ. ನಿಂತಿದ್ದರೂ ಆ ಅಂಗಳದಲ್ಲಿ ಅಂದು ಇದ್ದವರ ಒಂದು ವೋಟೂ ಬೀಳುತ್ತಿರಲಿಲ್ಲ. ಆ ಕಾರು ಆಮೇಲೆ ಗಡಿಯಾರದಂತೆ ಓಡಿತಾದರೂ ಅವರಿಗೆ ಅದರೊಳಗೆ ಕೂರಲು ಮನಸ್ಸಾಗಲಿಲ್ಲ. ಯುಗಾದಿಗೆ ಮುಂಚೆ ಯಾರಿಗೋ ಕೊಟ್ಟುಬಿಟ್ಟರು.

ಪುಟ್ಟಗಂಗಮ್ಮ ಪಾಳ್ಯ ಬಿಟ್ಟಳು. ತುರುವೇಕೆರೆ ರಸ್ತೆಯಲ್ಲಿ ಅವಳ ತಮ್ಮನ ಊರಿಗೆ ತಿರುಗುವಲ್ಲಿ, ಬಸ್ಸು ನಿಲ್ಲುವ ಗೇಟಿನ ಬಳಿ ಒಂದು ಗುಡಿಸಲು ಹಾಕಿಕೊಂಡು ತಾಯಿ ಮಗಳು ಇಬ್ಬರೂ ಹಗ್ಗದ ಕೆಲಸಕ್ಕೇ ಕೂತರು. ರಾಮಲಕ್ಷ್ಮಿ ಮಾತು ಕಲಿತಳು, ಸಂತೆಯಲ್ಲಿ ಚೌಕಾಸಿ ಮಾಡುವಷ್ಟು ಕಲಿತಳು.

ಊರು ಬಿಡುವ ಮುಂಚೆ ಪುಟ್ಟಗಂಗಮ್ಮ ಒಂದು ಕೆಲಸ ಮಾಡಿದ್ದಳು. ದುರ್ಗಯ್ಯನನ್ನು ಹುಡುಕಿಕೊಂಡು ಕ್ವಾರಿಗೆ ಹೋಗಿದ್ದಳು. ಅವನು ತಲೆಯ ಮೇಲಿನ ಸಿಂಬಿ ತೆಗೆದು ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡ. ಅವನ ಅಂಗೈಯ ಚರ್ಮ ಎದ್ದು ಹೋಗಿತ್ತು.

"ಅವ್ರ ಮ್ಯಾಲಿನ ಸಿಟ್ಟಿಗೆ ನನ್ ಬಾಳು ಹಾಳ್ ಮಾಡ್ದಲ್ಲಕ್ಕ," ಅಂದ. "ಒಂದ್ ಮಾತು ಆವತ್ತೇ ಹೇಳಿದ್ರೆ ಏನಾಗ್ತಿತ್ತು?"

"ಆವತ್ತು ಬೆಳಗ್ಗೆ ನೀನೂ ಒಂದು ಮಾತು ಹೇಳ್ಬೋದಿತ್ತು ದುರ್ಗಣ್ಣ."

ಅವನು ಸಿಂಬಿ ತಲೆಗಿಟ್ಟುಕೊಂಡು ಕಲ್ಲಿನ ಕಡೆ ನಡೆದುಬಿಟ್ಟ. ಅದಾದ ಮೇಲೆ ಅವನು ಅವಳೊಂದಿಗೆ ಮಾತಾಡಲಿಲ್ಲ. ಹುಚ್ಚರಂಗಯ್ಯ ನಾಲ್ಕು ಕಡೆ ಹೇಳಿ ಅವನ ಹೆಸರು ತೊಳೆದ. ಎಂಬತ್ತರ ಹೊತ್ತಿಗೆ ದುರ್ಗಯ್ಯನಿಗೆ ತಿಪಟೂರಿನಿಂದ ತುರುವೇಕೆರೆಗೆ ಓಡುವ ಒಂದು ಖಾಸಗಿ ಬಸ್ಸಿನಲ್ಲಿ ಕೆಲಸ ಸಿಕ್ಕಿತು.

ಪುಟ್ಟಗಂಗಮ್ಮ ತಿಪಟೂರು ಸಂತೆಗೆ ಹೋಗಿ ಬರುತ್ತಿದ್ದದ್ದು ಅದೇ ಬಸ್ಸಿನಲ್ಲಿ. ಹೊತ್ತಿಗೆ ಅದೊಂದೇ ಇದ್ದದ್ದು. ಹತ್ತಿದ ಮೊದಲ ದಿನ ದುರ್ಗಯ್ಯ ಕನ್ನಡಿಯಲ್ಲಿ ಅವಳನ್ನು ನೋಡಿದ. ಅವಳ ಗೇಟು ಬಂತು. ಕಂಡಕ್ಟರು ಸೀಟಿ ಹೊಡೆದ. ಬಸ್ಸು ನಿಲ್ಲಲಿಲ್ಲ. ಮತ್ತೆ ಹೊಡೆದ. ಅರ್ಧ ಮೈಲಿ ಆಚೆ, ಮನೆ ಮರ ಏನೂ ಇಲ್ಲದ ಬಯಲಿನಲ್ಲಿ ದುರ್ಗಯ್ಯ ಬ್ರೇಕು ಒತ್ತಿದ. ಅವಳು ಉಳಿದ ಹಗ್ಗದ ಹೊರೆ ತಲೆಗೆ ಏರಿಸಿಕೊಂಡು ಇಳಿದು ಹಿಂದಕ್ಕೆ ನಡೆದಳು.

ಮುಂದಿನ ವಾರವೂ ಹಾಗೆಯೇ. ಅದರ ಮುಂದಿನ ವಾರವೂ. ಕಂಡಕ್ಟರು ಒಂದು ದಿನ ರೇಗಿ, "ಇವಮ್ಮನ ಗೇಟು ಬಂದಾಗ ಮಾತ್ರ ನಿನ್ ಬ್ರೇಕು ಕೆಟ್ಟೋಗ್ತದಾ ಏನ್ಲಾ?" ಅಂದ. ದುರ್ಗಯ್ಯ ಗೇರು ಬದಲಾಯಿಸಿದ. ರಾಮಲಕ್ಷ್ಮಿ ಜಗಳಕ್ಕೆ ಹೊರಟಳು. "ನಾನ್ ಬತ್ತೀನಿ ನಾಳಿಕೆ, ಅವ್ನ ಕೊರಳಪಟ್ಟಿ ಹಿಡ್ದು ಕೇಳ್ತೀನಿ."

"ಬುಡು," ಅಂದಳು ಪುಟ್ಟಗಂಗಮ್ಮ, ಕಾಲಿಗೆ ಎಣ್ಣೆ ಸವರಿಕೊಳ್ಳುತ್ತಾ. "ಅವನ ಲೆಕ್ಕ ಅವ್ನು ತೀರಿಸ್ಕೊಳ್ಲಿ."

ಎಂಬತ್ತಾರರವರೆಗೆ, ಮಂಡಿ ನೋವು ಬಂದು ಸಂತೆಗೆ ಹೋಗುವುದನ್ನೇ ಬಿಡುವವರೆಗೆ, ಪ್ರತಿ ವಾರ ಅವಳು ಆ ಬಯಲಿನಲ್ಲಿ ಇಳಿದು ಅರ್ಧ ಮೈಲಿ ಹಿಂದಕ್ಕೆ ನಡೆದಳು. ಗೇಟು ಬಂತು ನಿಲ್ಲಿಸು ಎಂದು ಒಂದು ದಿನವೂ ಕೇಳಲಿಲ್ಲ.